ಹುಳ ಸಾಕಿದ ಮೇಷ್ಟ್ರು

“ಹೊಟ್ಟೆಹುಳಗಳ ನಿರ್ಮೂಲನೆಗೆ ಇಡೀ ಜೀವನವನ್ನು ಮುಡಿಪಾಗಿಟ್ಟ ಮಹನೀಯರು” ಎಂದರು ನಮ್ಮ ಡೀನ್, ಸಂತಾಪ ಸಭೆಯಲ್ಲಿ. ನನಗೆ ಮೈ ಉರಿದುಹೋಯಿತು. ಹಾರ ಹಾಕಿದ ಫೋಟೊದ ಎದುರು ಕೂತು ಸಿಟ್ಟು ಮಾಡಿಕೊಳ್ಳಬಾರದು, ಗೊತ್ತು. ಆದರೆ ಆ ಫೋಟೊದಲ್ಲಿದ್ದ ಮನುಷ್ಯ ಬದುಕಿದ್ದಷ್ಟು ದಿನವೂ ಹುಳವನ್ನು ನಿರ್ಮೂಲ ಮಾಡಬೇಕು ಅಂದವರೇ ಅಲ್ಲ. ಈ ಮಾತು ಅವರ ಕಿವಿಗೆ ಬಿದ್ದಿದ್ದರೆ ಕೂತಲ್ಲಿಂದಲೇ ಕೈ ಎತ್ತಿ, “ಸರ, ಸ್ವಲ್ಪ ತಪ್ಪಾತ ನೋಡ್ರಿ” ಅಂದು ಅರ್ಧ ಗಂಟೆ ಪಾಠ ಮಾಡಿ ಕೂರುತ್ತಿದ್ದರು. ಸಭೆ ಮುಗಿಯಿತು. ಎಲ್ಲರೂ ಟೀ ಬಿಸ್ಕತ್ತಿನ ಕಡೆ ನಡೆದರು. ನಾನು ಟೀ ಕುಡಿಯದೆ ಮನೆಗೆ ಬಂದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಶುರು ಮಾಡಿದೆ.

ನಮ್ಮದು ಯಲಹಂಕದ ಕಡೆಯ ಒಂದು ಪಶುವೈದ್ಯ ಕಾಲೇಜು. ಅವರು ಅಲ್ಲಿ ಪರೋಪಜೀವಿಗಳ ಪಾಠ ಹೇಳುತ್ತಿದ್ದರು. ಜಂತುಹುಳ, ಉಣುಗು, ಹೇನು, ಇಂಥವೇ ಅವರ ಸಂಸಾರ. ನಾನು ಕೋಳಿ ವಿಭಾಗದವಳು. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಅವರು ಆ ಕಡೆ ಕೆಮ್ಮಿದರೆ ಈ ಕಡೆ ನನ್ನ ಟೀ ಲೋಟ ಅಲುಗುತ್ತಿತ್ತು. ಅವರ ಊರು ಕೊಪ್ಪಳದ ಕಡೆ. ಕೆಲಸ ಸಿಕ್ಕಿತೆಂದು ಬಂದು ಆರ್.ಟಿ. ನಗರದಲ್ಲಿ ಮನೆ ಹಿಡಿದವರು ಕಡೆತನಕ ಆ ಬೀದಿಯನ್ನೂ ಬಿಡಲಿಲ್ಲ, ತಮ್ಮ ಮಾತಿನ ಧಾಟಿಯನ್ನೂ ಬಿಡಲಿಲ್ಲ. ಹುಡುಗರು ಬೆನ್ನ ಹಿಂದೆ ‘ಹುಳದ ಮೇಷ್ಟ್ರು’ ಅನ್ನುತ್ತಿದ್ದದ್ದು ಅವರಿಗೂ ಗೊತ್ತಿತ್ತು. ಆಫೀಸಿನ ಫೋನನ್ನು ಹೊಸಬರು ಯಾರಾದರೂ ಎತ್ತಿದರೆ, “ನಾನ್ರೀ, ಹುಳದ ಮಾಸ್ತರು” ಅಂತ ತಾವೇ ಹೇಳಿಕೊಳ್ಳುತ್ತಿದ್ದರು.

ಅವರ ಜೊತೆ ಊಟಕ್ಕೆ ಕೂರುವುದು ಅಂದರೆ ಸಾಮಾನ್ಯರ ಕೈಲಿ ಆಗುವ ಕೆಲಸವಲ್ಲ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ. ಎಷ್ಟು ಬೇಡ ಅಂದರೂ ಅರ್ಧ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ನಾನು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ, “ಇವತ್ತ ಒಂದ ಟಗರಿನ ಹೊಟ್ಟಿ ಕೊಯ್ದೆ ನೋಡ್ರಿ ತಂಗಿ, ಏನ್ ಚಂದ ಹುಳ ಅಂತೀರಿ” ಅಂತ ಶುರು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳ ಅದು. ಕೂದಲಿಗಿಂತ ತುಸು ದಪ್ಪ. ಕೆಂಪು ದಾರ ಬಿಳಿ ದಾರ ಸೇರಿಸಿ ಹೊಸೆದ ಹಾಗೆ ಕಾಣುತ್ತದೆ. ಅದನ್ನು ವರ್ಣಿಸುವಾಗ ಅವರ ಮುಖ ನೋಡಬೇಕಿತ್ತು, ಹೊಸದಾಗಿ ಹೆಣ್ಣು ನೋಡಿ ಬಂದ ಹುಡುಗನ ಮುಖ! ಒಬ್ಬೊಬ್ಬರೇ ಮೇಜು ಬದಲಾಯಿಸಿ ಕೊನೆಗೆ ಉಳಿದವಳು ನಾನೊಬ್ಬಳೇ. ರೊಟ್ಟಿಯ ಆಸೆಗೆ ಅಂತ ಎಲ್ಲರೂ ರೇಗಿಸುತ್ತಿದ್ದರು. ರೊಟ್ಟಿಯ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ರಕ್ತ ಹೀರಿಸಿಕೊಂಡ ಕುರಿ ಬಿಳಿಚಿಕೊಳ್ಳುತ್ತದೆ. ಮೈ ತುಂಬ ಉಣ್ಣೆಯ ಕೂದಲಿರುವ ಪ್ರಾಣಿ ಬಿಳಿಚಿಕೊಂಡಿದ್ದನ್ನು ಎಲ್ಲಿ ನೋಡುವುದು? ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆಟ್ಟಿನಿಂದ ಮೆಲ್ಲಗೆ ಜಗ್ಗಿ ಒಳಬದಿಯ ಬಣ್ಣ ನೋಡಬೇಕು. ಕೆಂಪಗಿದ್ದರೆ ಚಿಂತೆಯಿಲ್ಲ. ಗುಲಾಬಿಗೆ ತಿರುಗಿದರೆ ಕಣ್ಣಿಟ್ಟಿರಬೇಕು. ಬಿಳಿಯಾದರೆ ಔಷಧಿ ಕುಡಿಸಲೇಬೇಕು, ಅದೂ ಆ ಕ್ಷಣವೇ. ಇದು ಲೋಕದಲ್ಲಿ ಬೇರೆಯವರೂ ಮಾಡುವ ಪರೀಕ್ಷೆಯೇ. ಆದರೆ ನಮ್ಮ ಮೇಷ್ಟ್ರಿಗೆ ಅದು ಚಟವಾಗಿಬಿಟ್ಟಿತ್ತು. ಕ್ಯಾಂಟೀನಿನ ಹುಡುಗಿಯ ರೆಪ್ಪೆ ಜಗ್ಗಿ, “ಯವ್ವಾ, ರಕ್ತ ಪರೀಕ್ಷಾ ಮಾಡಿಸ್ಕೊ” ಅಂದಿದ್ದರು. ಮಾಡಿಸಿದರೆ ನಿಜವಾಗಿಯೂ ರಕ್ತ ಕಡಿಮೆಯಿತ್ತು. ಅಲ್ಲಿಂದ ಮುಂದೆ ಕೇಳಬೇಕೆ? ಸೆಕ್ಯೂರಿಟಿಯವರು, ಅಕೌಂಟ್ಸಿನವರು, ಎಲ್ಲರೂ ಮುಖ ತಂದು ಒಡ್ಡುತ್ತಿದ್ದರು.

ಅವರ ಮನೆ ಎದುರಿನ ಭಾಯಿ ಬಕ್ರೀದಿಗೆ ಮುಂಚೆ ಒಂದು ಟಗರು ತಂದು ಗೇಟಿಗೆ ಕಟ್ಟುವುದು ವರ್ಷ ವರ್ಷದ ಪದ್ಧತಿ. ಒಂದು ಸಲ ನಾನು ಅವರ ಮನೆಗೆ ಹೋಗಿದ್ದೆ. ಮೇಷ್ಟ್ರು ಬನಿಯನ್ನಿನಲ್ಲೇ ಬೀದಿಗೆ ಇಳಿದು, ಟಗರಿನ ತಲೆಯನ್ನು ಕಂಕುಳಲ್ಲಿ ಅಮುಕಿಕೊಂಡು, ರೆಪ್ಪೆ ಜಗ್ಗಿ ನೋಡುತ್ತಿದ್ದರು.

“ಸ್ವಲ್ಪ ಬಿಳಿ ಐತ್ರಿ ಭಾಯಿ. ಔಷಧ ಕುಡಿಸ್ಬೇಕು.”

“ಸರ್, ಇನ್ನೆರಡು ದಿನ ಬಿಟ್ಟರೆ ಹಬ್ಬ. ಈಗ ಔಷಧಿ ಕುಡಿಸಿ ಏನ್ ಮಾಡೋದು?”

“ಹೌದಲ್ಲ” ಅಂದು ಮೇಷ್ಟ್ರು ಟಗರಿನ ತಲೆ ಬಿಟ್ಟರು. ಒಳಗೆ ಬಂದು ಕೂತ ಮೇಲೂ ಸಮಾಧಾನವಿಲ್ಲ. “ಎರಡು ದಿನ ಇದ್ರೇನಾತು, ಆ ಎರಡು ದಿನ ಅದಕ್ಕ ತಲಿ ಸುತ್ತತೈತಿ ಅಲ್ರೀ” ಅಂತ ಗೊಣಗುತ್ತಲೇ ಇದ್ದರು. ಕೊನೆಗೆ ಹೋಗಿ ಅದಕ್ಕೆ ಒಂದಿಷ್ಟು ನೆನೆಸಿದ ಹುರುಳಿ ತಿನ್ನಿಸಿ ಬಂದರು. ಅವರ ಹೆಂಡತಿ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡರು.

ಇಷ್ಟು ಕುರಿ ಪ್ರೀತಿಯ ಮನುಷ್ಯ ಔಷಧಿ ಅಂದರೆ ಮಾತ್ರ ಜಿಪುಣ. ತಿಂಗಳಿಗೊಮ್ಮೆ ಇಡೀ ಮಂದೆಗೆ ಜಂತಿನ ಔಷಧಿ ಕುಡಿಸುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಮ್ಮ ಕೋಣೆಯಲ್ಲೇ ಹುಡುಗರನ್ನು ಕೂರಿಸಿಕೊಂಡು ಮಾಡುತ್ತಿದ್ದ ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಪ್ಲೈವುಡ್ಡಿನ ಆಚೆಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ.

“ನೋಡ್ರಿ, ಹುಟ್ಟಿದ ಮರಿಗೆ ಹುಳ ಅಂದ್ರ ಏನಂತ ಗೊತ್ತಿರಂಗಿಲ್ಲ. ಹುಲ್ಲಿನ ಜೊತಿ ಒಂದಿಷ್ಟು ಒಳಗ ಹೋಗ್ತಾವ. ಹೊಟ್ಟಿ ಸುಮ್ನ ಇರ್ತೈತಿ. ಮತ್ತಷ್ಟು ಹೋಗ್ತಾವ. ಆಗ್ಲೂ ಸುಮ್ನ. ತಿಂಗಳಗಟ್ಟಲೆ ಹಿಂಗ ನಡದ ಮ್ಯಾಲ ಹೊಟ್ಟಿಗೆ ನಿಧಾನಕ್ಕ ಗುರ್ತು ಸಿಗ್ತೈತಿ. ಓಹೋ, ಇಂವ ಮತ್ತ ಬಂದಾನ ಅಂತ. ಆವಾಗ ಲೋಳಿ ಬಿಡ್ತೈತಿ, ಜಾರಿಸಿ ಹೊರಗ ನೂಕ್ತೈತಿ. ನೂಕಿದ್ರೂ ಹೋಗದ ಉಳಿದಾವಲ್ಲ, ಅವು ಗಿಡ್ಡಾಗ್ತಾವ, ತತ್ತಿ ಕಮ್ಮಿ ಇಡ್ತಾವ. ಮರಿ ಇದನ್ನ ಕಲ್ಯಾಕ ಹುಳ ಬೇಕೋ ಬ್ಯಾಡೋ? ನೀವು ತಿಂಗ್ಳಾ ತಿಂಗ್ಳಾ ತೊಳದು ಹಾಕಿದ್ರ ಅದು ಯಾರನ್ನ ನೋಡಿ ಕಲೀಬೇಕು?”

ಹುಳ ಇರಬೇಕು, ಹುಳದ ದರ್ಬಾರು ಇರಬಾರದು. ಇದು ಅವರ ಮಾತು. ಕಲಿತದ್ದೂ ಕಾಯಂ ಅಲ್ಲ ಅನ್ನುತ್ತಿದ್ದರು. ಮೇವು ಸಾಲದಿದ್ದರೆ ಕುರಿಯ ಆ ಶಕ್ತಿ ಕುಗ್ಗುತ್ತದೆ. ಮರಿ ಹಾಕುವ ಹೊತ್ತಿಗೆ ತಾಯಿಯ ಮೈ ಹುಳವನ್ನು ತಡೆಯುವುದನ್ನೇ ಕೆಲವು ವಾರ ಮರೆಯುತ್ತದೆ. ಆಗ ಅದರ ಹಿಕ್ಕೆಯಲ್ಲಿ ಹುಳದ ಮೊಟ್ಟೆಗಳು ಲೆಕ್ಕವಿಲ್ಲದಷ್ಟು ಬೀಳುತ್ತವೆ, ಮಳೆ ಬಿದ್ದರೆ ಒಡೆದು ಮರಿಹುಳಗಳು ಹುಲ್ಲು ಹತ್ತುತ್ತವೆ. ಏನೂ ಕಲಿಯದ ಎಳೆಯ ಮರಿ ಬಂದು ಅದೇ ಹುಲ್ಲಿಗೆ ಬಾಯಿ ಹಾಕುತ್ತದೆ. ಅವರಿಗೆ ಇಡೀ ವರ್ಷದಲ್ಲಿ ಭಯ ಅಂತ ಇದ್ದದ್ದು ಈ ಒಂದು ಕಾಲಕ್ಕೆ. ನಾನು ನನ್ನ ಕೋಳಿಮರಿಗಳ ಕಣ್ಣಿಗೆ ಒಂದೊಂದು ಹನಿ ಲಸಿಕೆ ಬಿಟ್ಟು ಕೈ ತೊಳೆದುಕೊಳ್ಳುವವಳು. “ನಿಮ್ದು ಆರಾಮ ನೌಕರಿ ಬಿಡ್ರಿ” ಅಂತ ಛೇಡಿಸುತ್ತಿದ್ದರು.

ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಅಂದ್ರೆ ಸರ್, ಕಷ್ಟಪಟ್ಟವರೇ ಲೈಫಲ್ಲಿ ಗಟ್ಟಿ ಆಗ್ತಾರೆ ಅಂತ ಅಲ್ವಾ?” ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಮೇಷ್ಟ್ರ ದನಿ ಗೋಡೆಯ ಆಚೆ ಸಣ್ಣಗಾಯಿತು. “ಏ ತಮ್ಮಾ, ಇದನ್ನ ಉಳದ ಕುರಿ ಕೇಳಿ ಹೇಳಾಕತ್ತಿ. ಸತ್ತ ಮರೀನ ಕೇಳಿಯೇನು?” ಅಂದರು. ಕುರಿಯ ಮಾತನ್ನು ಮನುಷ್ಯರಿಗೆ ತಂದು ಅಂಟಿಸಿದರೆ ಅವರಿಗೆ ವಿಪರೀತ ಸಿಟ್ಟು ಬರುತ್ತಿತ್ತು. ಆ ದಿನ ಕ್ಲಾಸನ್ನು ಬೇಗ ಬಿಟ್ಟರು.

ಇನ್ನು ಮುನಿರತ್ನಮ್ಮನ ವಿಷಯ. ಹುಣಸಮಾರನಹಳ್ಳಿಯ ಹಳೇ ಮನೆತನದ ಹೆಂಗಸು, ಗಂಡ ಇಲ್ಲ. ಸುತ್ತ ಹೊಲಗಳೆಲ್ಲ ಲೇಔಟ್ ಆಗಿ, ಅಕ್ಕಪಕ್ಕದಲ್ಲಿ ಮೂರು ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದರೂ ಆಕೆ ಕುರಿ ಬಿಟ್ಟಿರಲಿಲ್ಲ. ಮಾರಾಟವಾಗದ ಖಾಲಿ ಸೈಟುಗಳ ಹುಲ್ಲಿನಲ್ಲೇ ಮೇಯಿಸುತ್ತಿದ್ದರು. ಮಗ ಕ್ಯಾಬ್ ಓಡಿಸುತ್ತಾನೆ, ಸೊಸೆ ಏರ್‌ಪೋರ್ಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾಳೆ. ಕುರಿ ಮಾತ್ರ ಮುನಿರತ್ನಮ್ಮನ ಸ್ವಂತದ್ದು. ಅದೇ ಆಕೆಯ ಹೊತ್ತು, ಆಕೆಯ ಮಾತುಕತೆ, ಮಗ ಸೊಸೆಯರ ಮುಂದೆ ಆಕೆಯ ಗತ್ತು.

ಒಂದು ದಿನ ಆಕೆ ಸತ್ತ ಕುರಿಯೊಂದನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಕಾಲೇಜಿಗೆ ಬಂದರು. ಮೇಷ್ಟ್ರು ಕೊಯ್ದು ಹೊಟ್ಟೆ ಬಿಚ್ಚಿ ತೋರಿಸಿದರು. ಹುಳ ಗಿಜಿಗಿಜಿ ಅನ್ನುತ್ತಿತ್ತು.

“ತಿಂಗ್ಳು ತಿಂಗ್ಳು ಔಸ್ದಿ ಆಕಿವ್ನಿ ಸಾಮಿ! ಇದೆಂಗೆ ಬಂತು?” ಅಂದರು ಆಕೆ.

“ತಿಂಗ್ಳಾ ಹಾಕಿದ್ದಕ್ಕs ಬಂದೈತವಾ. ಔಷಧಕ್ಕ ಜಗ್ಗದ ಹುಳ ಅಷ್ಟ ಉಳಕೊಂಡು ಅವೇ ಮಕ್ಕಳು ಮರಿ ಮಾಡ್ಯಾವ. ಇನ್ನ ಎಲ್ಲಾದಕ್ಕೂ ಹಾಕಬ್ಯಾಡ. ಕಣ್ಣು ನೋಡಿ, ಬೇಕಾದ್ದಕ್ಕ ಅಷ್ಟ ಹಾಕು.”

“ಔಸ್ದಿ ಬ್ಯಾಡ ಅನ್ನೋ ಡಾಕ್ಟ್ರುನ್ನ ಇವತ್ತೇ ಕಣಮ್ಮ ನೋಡ್ತಿರೋದು” ಅಂತ ಆಕೆ ನನ್ನ ಕಡೆ ತಿರುಗಿ ಹೇಳಿದರು.

ನಂಬಿದ್ದು ಹೇಗೋ ಗೊತ್ತಿಲ್ಲ. ಆ ವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೇಷ್ಟ್ರ ಸ್ಕೂಟರ್ ಹುಣಸಮಾರನಹಳ್ಳಿಗೆ. ಇಬ್ಬರೂ ಕುರಿಗಳನ್ನು ಒಂದೊಂದಾಗಿ ಹಿಡಿದು ಬಿಸಿಲಿಗೆ ತಿರುಗಿಸಿ ರೆಪ್ಪೆ ನೋಡುತ್ತಿದ್ದರು. ಜಗಳವೋ ಜಗಳ! ಇದು ಕೆಂಪು ಅಂತ ಇವರು, ಕಣ್ಣು ಕಾಣಲ್ವಾ ಸಾಮಿ ನಿಮ್ಗೆ ಅಂತ ಆಕೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆಕೆ ಮೇಷ್ಟ್ರನ್ನು ಬೈದ ಬೈಗುಳ ಕೇಳಿ ನನಗೆ ಗಾಬರಿಯಾಯಿತು. ಮೇಷ್ಟ್ರು ಮಾತ್ರ ಕಲ್ಲಿನ ಮೇಲೆ ಕೂತು ಆಕೆ ಕೊಟ್ಟ ಬೆಲ್ಲದ ಟೀಯನ್ನು ಊದಿಕೊಂಡು ಕುಡಿಯುತ್ತಾ ನಗುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಕೂತಿದ್ದನ್ನು ನಾನು ಕಾಲೇಜಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಎರಡು ವರ್ಷದಲ್ಲಿ ಆ ಮಂದೆ ಹೇಗೆ ಚಿಗುರಿತು ಅಂದರೆ, ಅಬ್ಬಿಗೆರೆಯಿಂದೆಲ್ಲ ಜನ ಬಂದು ಆಕೆಯ ಟಗರು ಕೇಳತೊಡಗಿದರು.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಮೇಷ್ಟ್ರು ಹೆಬ್ಬಾಳದ ಹತ್ತಿರ ಸರ್ವೀಸ್ ರಸ್ತೆಯ ಗುಂಡಿಗೆ ಸ್ಕೂಟರ್ ಇಳಿಸಿ ಬಿದ್ದರು. ಕಾಲಿನ ಮೂಳೆ ಮುರಿದು ತೊಡೆತನಕ ಸಿಮೆಂಟು ಪಟ್ಟಿ. ಹಾಸಿಗೆಯಲ್ಲಿ ಕೂತು ಒದ್ದಾಡುತ್ತಿದ್ದರು. ಕಾಲಿನ ನೋವಿಗಲ್ಲ, ಮುನಿರತ್ನಮ್ಮನ ಕುರಿಗಳು ಮರಿ ಹಾಕಿ ಆಗಷ್ಟೇ ಕೆಲವು ವಾರ ಕಳೆದಿದ್ದವು ಅನ್ನುವುದಕ್ಕೆ. ಮಳೆ ಬೇರೆ ಬಿಡದೆ ಹೊಡೆಯುತ್ತಿತ್ತು. ಯಾರನ್ನಾದರೂ ಕಳಿಸುತ್ತೇವೆ ಅಂದರೆ, “ಬ್ಯಾಡ, ಆಕಿ ಬ್ಯಾರೆಯವರಿಗೆ ಕುರಿ ಮುಟ್ಟಾಕ ಬಿಡಂಗಿಲ್ಲ” ಅಂದರು. ಅದು ನಿಜವೂ ಹೌದು. ಮುನಿರತ್ನಮ್ಮನಿಗೆ ಎಷ್ಟೇ ಕಣ್ಣು ಪಳಗಿದ್ದರೂ ಎಳೆ ಮರಿಗಳ ವಿಷಯದಲ್ಲಿ ಮೇಷ್ಟ್ರು ನೋಡಿ ಹೂಂ ಅನ್ನದೆ ಏನೂ ಮಾಡುತ್ತಿರಲಿಲ್ಲ. ಕೊನೆಗೆ ಸೊಸೆ ಒಂದು ಉಪಾಯ ಮಾಡಿದಳು. ಅತ್ತೆ ಮರಿಯ ರೆಪ್ಪೆ ಜಗ್ಗಿ ಹಿಡಿದರೆ ಇವಳು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು.

ನಾನು ನೋಡಲು ಹೋಗಿದ್ದ ದಿನವೂ ಫೋಟೊಗಳು ಬಂದವು. ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು. ಮರಿಗಳ ರೆಪ್ಪೆಗಳು ಒಳ್ಳೆ ಕೆಂಪಗಿದ್ದವು. “ಚೊಲೊ ಅದಾವವಾ, ಔಷಧ ಬ್ಯಾಡ” ಅಂತ ಧ್ವನಿ ಸಂದೇಶ ಕಳಿಸಿ, ದಿಂಬಿಗೆ ಒರಗಿ ನನಗೆ ಹೇಳಿದರು: “ನಾನಿಲ್ಲದಿದ್ರೂ ನಡೀತೈತಿ ನೋಡ್ರಿ ತಂಗಿ.” ಅವರ ಮುಖದಲ್ಲಿ ಹೆಮ್ಮೆಯಿತ್ತು. ಮತ್ತೂ ಒಂದು ವಾರ ಫೋಟೊ ಬಂದವು, ಮತ್ತೂ ಅದೇ ಉತ್ತರ ಹೋಯಿತು.

ಆಮೇಲೆ ಬಂದದ್ದು ಫೋಟೊ ಅಲ್ಲ, ಫೋನು. ಮುನಿರತ್ನಮ್ಮನೇ ಮಾಡಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮರಿಗಳು ಬಿದ್ದಿವೆ, ಇನ್ನು ಕೆಲವು ಗದ್ದದ ಕೆಳಗೆ ನೀರು ತುಂಬಿಕೊಂಡು ನಿಲ್ಲಲಾರದೆ ನಿಂತಿವೆ. ಮೇಷ್ಟ್ರು ಯಾರ ಮಾತೂ ಕೇಳಲಿಲ್ಲ. ಸಿಮೆಂಟು ಪಟ್ಟಿಯ ಕಾಲನ್ನು ಸೀಟಿನ ಮೇಲೆ ಚಾಚಿಕೊಂಡು ಆಟೋ ಹತ್ತಿದರು. ನಾನು ಡ್ರೈವರ್ ಪಕ್ಕ ಮುದುರಿ ಕೂತೆ. ದಾರಿಯುದ್ದಕ್ಕೂ, “ಕೆಂಪಿದ್ವಲ್ರೀ, ನೀವೂ ನೋಡಿದಿರಲ್ರೀ” ಅನ್ನುತ್ತಲೇ ಇದ್ದರು.

ದೊಡ್ಡಿಯ ಮುಂದೆ ಸತ್ತ ಮರಿಗಳನ್ನು ಸಾಲಾಗಿ ಮಲಗಿಸಿ ಗೋಣಿ ಹೊದಿಸಿದ್ದರು. ತಾಯಿ ಕುರಿಗಳು ಅರಚುತ್ತಿದ್ದವು. ಮೇಷ್ಟ್ರು ನಿಲ್ಲಲಾರದೆ ನೆಲದಲ್ಲೇ ಕೂತು, ಬದುಕಿದ್ದ ಒಂದು ಮರಿಯನ್ನು ತೊಡೆಗೆ ಎಳೆದುಕೊಂಡು ರೆಪ್ಪೆ ಜಗ್ಗಿದರು. ಸುಣ್ಣ ಬಳಿದ ಹಾಗಿತ್ತು. ಅವರು “ಅವಾ, ನಿನ್ನ ಫೋನ್ ಕೊಡು” ಅಂತ ಸೊಸೆಯ ಕಡೆ ಕೈ ಚಾಚಿದರು. ಅದೇ ಮರಿಯ ಅದೇ ಕಣ್ಣಿನ ಫೋಟೊ ತೆಗೆದರು. ಪರದೆಯ ಮೇಲೆ ರೆಪ್ಪೆ ಕೆಂಪಗೆ ಮೂಡಿತು. ಹೆಬ್ಬೆಟ್ಟಿನ ಕೆಳಗೆ ಬಿಳಿ, ಫೋನಿನಲ್ಲಿ ಕೆಂಪು.

ಆ ಹುಡುಗಿ ತನ್ನ ಸೆಲ್ಫಿಗಳು ಚೆನ್ನಾಗಿ ಬರಲಿ ಅಂತ ಮುಖಕ್ಕೆ ಬಣ್ಣ ಏರಿಸುವ ಒಂದು ಆ್ಯಪ್ ಹಾಕಿಕೊಂಡಿದ್ದಳು. ಬೇರೆ ಕ್ಯಾಮೆರಾ ಅವಳು ಮುಟ್ಟುತ್ತಲೇ ಇರಲಿಲ್ಲ. ತುಟಿ, ಕೆನ್ನೆ, ಬಿಳಿಚಿದ ಚರ್ಮ, ಯಾವುದು ಸಿಕ್ಕಿದರೂ ಅದು ಕೆಂಪಗೆ ಮಾಡಿ ಕೊಡುತ್ತಿತ್ತು. ವಿಷಯ ಅರ್ಥವಾದದ್ದೇ ತಡ, ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದಳು.

“ನೀ ಯಾಕ ಅಳ್ತಿಯವಾ?” ಅಂದರು ಮೇಷ್ಟ್ರು. “ಬಿಸಿಲಿಗೆ ಹಿಡದು ನಿಮ್ಮ ಕಣ್ಣಿಲೆ ನೋಡ್ರಿ ಅಂತ ಊರಿಗೆಲ್ಲ ಹೇಳಿದಂವ ನಾನು. ಫೋಟೊ ನೋಡಿ ಹೇಳಿದಂವನೂ ನಾನs.”

ಅವರ ಬಳಿ ಇನ್ನೂ ಕೆಲಸ ಮಾಡುತ್ತಿದ್ದ ಒಂದು ಔಷಧಿಯಿತ್ತು, ಆಪತ್ತಿಗೆಂದು ಎತ್ತಿಟ್ಟದ್ದು. ಕೂತಲ್ಲೇ ಕೂತು ಉಳಿದ ಮರಿಗಳಿಗೆಲ್ಲ ತಾವೇ ಕುಡಿಸಿದರು. ಕೆಲವು ಉಳಿದವು, ಕೆಲವು ಆ ದಿನವೇ ಹೋದವು. ಮುನಿರತ್ನಮ್ಮ ಮರಿ ಹಿಡಿದು ಕೊಡುತ್ತಿದ್ದರು. ಬೈಯಲಿಲ್ಲ ಅನ್ನುವುದೇ ನನಗೆ ಹೆದರಿಕೆ. ಹೊರಡುವಾಗ, “ಓಗ್ ಬನ್ನಿ ಸಾಮಿ, ಕಾಲು ನೋಯ್ತದೆ” ಅಂದರು, ಅಷ್ಟೇ.

ಕಾಲು ಕೂಡಿತು. ಮೇಷ್ಟ್ರು ಕಾಲೇಜಿಗೆ ಬಂದರು. ಊಟದ ಹೊತ್ತಿಗೆ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು, ಹುಳದ ಮಾತು ಮಾತ್ರ ತೆಗೆಯುತ್ತಿರಲಿಲ್ಲ. ಮೇಜು ಬಿಟ್ಟು ಹೋಗಿದ್ದವರೆಲ್ಲ ಮೆಲ್ಲಗೆ ವಾಪಸ್ ಬಂದರು. ನನಗೆ ಅದು ಸಹಿಸಲಿಕ್ಕಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ, “ಭಾನುವಾರ ಹೋಗಿದ್ರಾ ಸರ್?”

“ಇಲ್ರೀ.”

“ಯಾಕೆ?”

“ಯಾವ ಮುಖ ಇಟ್ಕೊಂಡು ಹೋಗ್ಲಿ? ಆಕಿ ತನ್ನ ಕಣ್ಣಿಗಿಂತ ನನ್ನ ಮಾತು ನಂಬಿದ್ಲು. ತಾನ ನೋಡಿದ್ರ ಬಿಳಿ ಕಂಡಿತ್ತು ಆಕಿಗೆ. ನಾ ಕೆಂಪು ಅಂದೆ ಅಂತ ಸುಮ್ನಾಗ್ಯಾಳ.” ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ತಿರುಗಿಸುತ್ತಾ ಕೂತರು. “ಒಮ್ಮೆ ಹೋಗಿ ಮುಂದ ನಿಲ್ಲಬೇಕ್ರಿ ತಂಗಿ. ಬಾಕಿ ಏನೂ ಬ್ಯಾಡ. ಕಾಲು ಬರವಲ್ಲವು.”

ಪಾಠ ಬಿಡಲಿಲ್ಲ. ಪ್ರತಿ ಬ್ಯಾಚಿಗೂ ಈ ಕಥೆಯನ್ನು ತಾವೇ ಹೇಳುತ್ತಿದ್ದರು, ಒಂದಕ್ಷರ ಮುಚ್ಚಿಡದೆ. ಕುರಿಮರಿಗೆ ಮೇಕಪ್ ಮಾಡಿದ ಫೋನು ಅನ್ನುವಲ್ಲಿ ಹುಡುಗರು ಗೊಳ್ಳೆಂದು ನಗುತ್ತಿದ್ದರು. ಅವರು ನಗಲಿ ಅಂತ ಕಾಯುತ್ತಿದ್ದರು. ನಗು ನಿಂತ ಮೇಲೆ, “ಸತ್ತವು ಇದ್ವಲ್ಲ, ಅವಕ್ಕ ಕಲ್ಯಾಕ ಇನ್ನೂ ಟೈಮ್ ಬೇಕಾಗಿತ್ತು. ನಾ ಕೊಡ್ಲಿಲ್ಲ” ಅನ್ನುತ್ತಿದ್ದರು. ಪ್ಲೈವುಡ್ಡಿನ ಈಚೆ ಕೂತು ಅದನ್ನು ಕೇಳುವುದು ನನಗೆ ಹಿಂಸೆಯಾಗುತ್ತಿತ್ತು. ಎಷ್ಟೋ ಸಲ ಎದ್ದು ಕೋಳಿಗಳ ಕಡೆ ಹೋಗಿಬಿಡುತ್ತಿದ್ದೆ.

ಮರುವರ್ಷ ನಿವೃತ್ತಿಯಾದರು. ಶಾಲು ಹೊದಿಸಿದ ದಿನ ಎರಡು ಮಾತು ಹೇಳಿ ಅಂದರೆ, “ನಮಸ್ಕಾರ್ರಿ” ಅಂತ ಒಂದೇ ಮಾತಿಗೆ ಮುಗಿಸಿದರು. ಈ ಮಳೆಗಾಲದಲ್ಲಿ ಒಂದು ಶುಕ್ರವಾರ, ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ನಿಂತಿತ್ತು.

ಸಂತಾಪ ಸಭೆಯಿಂದ ಸಿಟ್ಟು ಮಾಡಿಕೊಂಡು ಬಂದ ಮರುದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಅತ್ತು ಅತ್ತು ದಣಿದು, ಮಾತಿಗೆ ಕೂತಿದ್ದರು. “ಭಾನುವಾರ ಅಂದ್ರ ಹೆದರಿಕಿ ಬರ್ತೈತವಾ ನನಗ” ಅಂದರು. “ರಿಟೈರ್ ಆದ ಮ್ಯಾಲೂ ಒಂದ ಭಾನುವಾರ ತಪ್ಪಿಸಿದವರಲ್ಲ. ಮುನಿರತ್ನಮ್ಮನ ಕುರಿ ನೋಡಿ ಬರ್ತೀನಿ ಅಂತ ಹೋಗಾವ್ರು. ಬಂದ ಮ್ಯಾಲ ಅದೇ ಸುದ್ದಿ. ಕಂದು ಟಗರು ಹಿಂಗ ಬೆಳದೈತಿ, ಕುಂಟ ಕುರಿ ಅವಳಿ ಹಾಕೈತಿ. ಆಕಿಗೆ ಯಾರಾದ್ರೂ ಸುದ್ದಿ ಮುಟ್ಟಿಸ್ಯಾರೋ ಇಲ್ಲೋ.”

ನನಗೆ ಎಷ್ಟು ಸಂತೋಷವಾಯಿತು ಅಂದರೆ, ಸಾವಿನ ಮನೆಯಲ್ಲಿ ಅದನ್ನು ಮುಖದ ಮೇಲೆ ತೋರಿಸದಿರಲು ಕಷ್ಟಪಟ್ಟೆ. ಸದ್ಯ, ಹೋಗಿ ಮುಂದೆ ನಿಂತರಲ್ಲ! ನನಗೊಂದು ಮಾತು ಹೇಳಬಾರದಿತ್ತೇ ಈ ಮನುಷ್ಯ? ಸುದ್ದಿ ನಾನೇ ಮುಟ್ಟಿಸುತ್ತೇನೆ ಅಂದೆ.

ಏರ್‌ಪೋರ್ಟ್ ರಸ್ತೆಯಲ್ಲಿ ಬಸ್ಸಿಳಿದು ಕೆಸರು ತುಳಿದುಕೊಂಡು ಹೋದೆ. ಮುನಿರತ್ನಮ್ಮ ತಗಡಿನ ದೊಡ್ಡಿಯ ಮುಂದೆ ಹಲಸಿನ ಸೊಪ್ಪು ಕಟ್ಟುತ್ತಿದ್ದರು. ಗುರುತು ಹಿಡಿದು, ಕೂತ್ಕಳಮ್ಮ ಅಂತ ಅದೇ ಕಲ್ಲು ತೋರಿಸಿದರು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಹೇಳಿಬಿಟ್ಟೆ.

ಆಕೆಯ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. “ಯಾವತ್ತು?” ಅಂದರು.

“ಎರಡು ವಾರ ಆಯ್ತು. ಶುಕ್ರವಾರ. ಪ್ರತಿ ಭಾನುವಾರ ನಿಮ್ಮಲ್ಲಿಗೆ ಬರ್ತಿದ್ರಂತಲ್ಲ, ಅದಕ್ಕೇ ಹೇಳಿ ಹೋಗೋಣ ಅಂತ ಬಂದೆ.”

“ಇಲ್ಲಿಗಾ?” ಆಕೆ ನನ್ನನ್ನೇ ನೋಡಿದರು. “ಮರಿ ಸತ್ತ ಆ ದಿನದಿಂದ ಆ ಮನ್ಸ ಈ ಒಸ್ಲು ತುಳಿದಿಲ್ಲ ಕಣಮ್ಮ.”

ಮತ್ತೆ ಭಾನುವಾರ ಭಾನುವಾರ ಹೋಗುತ್ತಿದ್ದದ್ದು ಎಲ್ಲಿಗೆ? ಕಂದು ಟಗರು, ಕುಂಟ ಕುರಿಯ ಅವಳಿ, ಇವೆಲ್ಲ ಕಟ್ಟುಕಥೆಯೇ? ನಾನು ತಡವರಿಸುತ್ತಾ ಅದನ್ನೇ ಕೇಳಿದೆ.

“ಕತೆ ಅಲ್ಲ” ಅಂದರು ಆಕೆ. ಸೊಪ್ಪಿನ ಕಟ್ಟನ್ನು ಕೆಳಗಿಟ್ಟು, ಲೇಔಟಿನ ಆ ತುದಿಯ ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿದರು. “ಅಗೋ, ಅಲ್ಲಿ ಬಂದು ನಿಂತ್ಕಳೋರು. ಸ್ಕೂಟ್ರು ಮರದ್ ಇಂದೆ ನಿಲ್ಸಿ. ನಂಗೆ ಕಾಣ್ಸಲ್ಲ ಅನ್ಕಂಡಿದ್ರು. ಅಲ್ಲಿಂದ ಇಷ್ಟು ದೂರುಕ್ಕೆ ಕುರಿ ಸರ್ಯಾಗಿ ಕಾಣ್ತವಾ? ಅದಕ್ಕೆ ಭಾನ್ವಾರ ಭಾನ್ವಾರ ನಾನೇ ಆ ಕಡಿಕೇ ಒಡ್ಕಂಡು ಓಗ್ತಿದ್ದೆ. ಟ್ಯಾಂಕ್ ಅತ್ರ ಬಿಟ್ಟು, ನಾನು ಈ ಕಡೆ ತಿರಿಕ್ಕಂಡು ಕೂತ್ಕಂಬುಡ್ತಿದ್ದೆ. ನೋಡ್ಕಳ್ಳಿ ಅಂತ.”

“ಕರೀಬಹುದಿತ್ತಲ್ಲಮ್ಮ” ಅಂದೆ. ನನ್ನ ದನಿ ಯಾಕೋ ಜೋರಾಯಿತು. “ಬನ್ನಿ ಅಂತ ಒಂದು ಮಾತು ಕರೆದಿದ್ರೆ ಓಡಿ ಬರ್ತಿದ್ರು!”

“ಅವ್ರು ಬರ್ಬೋದಿತ್ತಲ್ಲ?” ಆಕೆಯ ದನಿಯೂ ಏರಿತು. “ಮರಿ ಸತ್ತಿದ್ದಕ್ಕಾ ನಂಗ್ ಸಿಟ್ಟು? ಮರಿ ಸಾಯ್ತವೆ, ಸಾಕ್ದೋಳ್ಗೆ ಗೊತ್ತಿಲ್ವಾ ಅದು? ಆವತ್ತು ಉಳ್ಕಂಡವು ಈಗ ತಾಯಿ ಆಗವೆ. ಇವತ್ತೂ ಕಣ್ ನೋಡೇ ಔಸ್ದಿ ಆಕೋದು ನಾನು, ಅವ್ರ್ ಏಳ್ಕೊಟ್ಟಂಗೇನೆ. ಬಂದಿದ್ರೆ ತೋರಿಸ್ತಿದ್ದೆ. ಬಾಯಿಗ್ ಬಂದಂಗೆ ಬೈದು, ಟೀ ಕೊಡ್ತಿದ್ದೆ. ಬೈಸ್ಕಳಕ್ಕಾದ್ರೂ ಬರ್ಬೇಕಲ್ವಾ ಮನ್ಸ?”

ದೊಡ್ಡಿಯೊಳಗೆ ಕುರಿಗಳು ಸೊಪ್ಪಿಗಾಗಿ ಅರಚುತ್ತಿದ್ದವು. ಮುನಿರತ್ನಮ್ಮ ಅತ್ತ ತಿರುಗಲಿಲ್ಲ. ಟ್ಯಾಂಕಿನ ಕಡೆಯೇ ನೋಡುತ್ತಾ, ಸೆರಗಿನಿಂದ ಮೂಗು ಒರೆಸಿಕೊಂಡರು.

“ಓದ್ ಭಾನ್ವಾರನೂ ಒಡ್ಕಂಡು ಓಗಿದ್ದೆ ಕಣಮ್ಮ, ಅದ್ರಿಂದಿನ್ ಭಾನ್ವಾರನೂ ಓಗಿದ್ದೆ” ಅಂದರು. “ಬಂದಿರ್ಲಿಲ್ಲ. ಮಳೆ ಅಲ್ವಾ, ಅದಕ್ಕೇ ಬಂದಿಲ್ಲ ಅನ್ಕಂಡೆ.”